ಉಚ್ಚಂಗೆಪ್ಪನ ಕಾನೂನು

ನನ್ನ ಅಕ್ಷರ ದುಂಡಗಿಲ್ಲ. ಎಂಟನೇ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ ಬರೆಯುವ ಕೆಲಸವೇ ಬೀಳಲಿಲ್ಲ. ಹಾಗಾಗಿ ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರುತ್ತವೆ. ಯಾವ ಮಾತನ್ನು ಎಲ್ಲಿ ಇಡಬೇಕೆಂಬುದೂ ನನಗೆ ಸರಿಯಾಗಿ ತಿಳಿಯದು. ಓದುವವರು ಬೇಸರ ಮಾಡಿಕೊಳ್ಳಬಾರದು. ಒಂದೊಂದು ಸಾಲನ್ನೂ ಮೂರು ಸಲ ಓದಿ ನೋಡಿ ಬರೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಕ್ಷಮಿಸಬೇಕು.

ನಾನು ಬರೆಯುತ್ತಿರುವುದು ನಮ್ಮ ಅವ್ವನ ಅಪ್ಪ ಉಚ್ಚಂಗೆಪ್ಪನ ವಿಷಯ. ಜಗಳೂರಿನಿಂದ ಏಳು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ ಹುಟ್ಟಿ, ಹೋದ ವರ್ಷ, ೧೯೮೬ರಲ್ಲಿ, ಅಲ್ಲಿಯೇ ತೀರಿಕೊಂಡ. ನಾನು ಕೈಗೂಸಾಗಿದ್ದಾಗ ನನ್ನ ಅಪ್ಪ ತೀರಿಹೋದರು. ಅವ್ವ ಗಾದ್ರಮ್ಮ ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು. ಅಲ್ಲಿಂದ ಮುಂದೆ ನಮ್ಮಿಬ್ಬರ ಊಟ, ಬಟ್ಟೆ, ನನ್ನ ಓದು ಎಲ್ಲವೂ ಅಜ್ಜನಿಂದಲೇ ನಡೆಯಿತು.

ಅಜ್ಜ ದನದ ದಲ್ಲಾಳಿ. ಹೊನ್ನಾಳಿ, ನ್ಯಾಮತಿ ಕಡೆಯ ಎತ್ತುಗಳು ನೀರು ಮೇವು ಕಂಡವು, ಮೈ ತುಂಬಿದವು. ನಮ್ಮ ಕಡೆಯವರಿಗೆ ಅಂಥ ಎತ್ತು ಬೇಕು. ಅಜ್ಜ ಆ ಕಡೆ ಹೋಗಿ ನೋಡಿ, ಮಾತಾಡಿ, ಮಾರುವವರನ್ನು ಜಗಳೂರಿನ ಸಂತೆಗೆ ಕರೆತರುತ್ತಿದ್ದ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹರಡಿಕೊಳ್ಳುತ್ತಾನೆ. ಆ ಬಟ್ಟೆಯ ಮರೆಯಲ್ಲಿ ಕೊಳ್ಳುವವನು ಅವನ ಬೆರಳು ಹಿಡಿದು ತನ್ನ ಬೆಲೆ ತಿಳಿಸುತ್ತಾನೆ. ದಲ್ಲಾಳಿ ಆಚೆ ತಿರುಗಿ ಮಾರುವವನ ಬೆರಳು ಹಿಡಿದು ತಿಳಿಸುತ್ತಾನೆ. ಸುತ್ತ ಎಷ್ಟು ಜನ ನಿಂತಿದ್ದರೂ ಅವರಿಗೆ ವಲ್ಲಿಯ ಅಲುಗಾಟ ಮಾತ್ರ ಕಾಣುತ್ತದೆ.

ವ್ಯಾಪಾರ ಮುಗಿದರೂ ದಲ್ಲಾಳಿಯ ಕೆಲಸ ಮುಗಿಯುವುದಿಲ್ಲ. ಅವನು ಆ ಎತ್ತಿಗೆ ಮೂರು ಸಂತೆಯವರೆಗೆ ಹೊಣೆ ನಿಲ್ಲಬೇಕು. ಎತ್ತು ಹಾಯ್ದರೆ, ನೊಗ ಹೊತ್ತಾಗ ಮಲಗಿಬಿಟ್ಟರೆ, ಹಗ್ಗ ಹರಿದುಕೊಂಡು ಹಳೆಯ ಯಜಮಾನನ ಕೊಟ್ಟಿಗೆಗೆ ಓಡಿದರೆ, ದಲ್ಲಾಳಿಯೇ ಅದನ್ನು ಹಿಡಿದುಕೊಂಡು ಹೋಗಿ ಹಿಂದಕ್ಕೆ ಒಪ್ಪಿಸಬೇಕು. ಒಪ್ಪಿಸುವವರೆಗೆ ಸಂತೆಯಲ್ಲಿ ಇನ್ನೊಬ್ಬರ ವ್ಯಾಪಾರಕ್ಕೆ ವಲ್ಲಿ ಹರಡುವ ಹಾಗಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಮೀರಿದವರನ್ನು ನಾನು ಕಾಣೆ.

ಕೆಟ್ಟ ಚಾಳಿಗಾಗಿ ಅಜ್ಜನ ಕೈಯಿಂದ ಹೋದ ದನ ಹಿಂದಕ್ಕೆ ಬಂದದ್ದು ಒಂದೇ ಸಲ. ಕೊಲ್ಲಾಪುರಮ್ಮ ಎಂಬ ವಿಧವೆಗೆ ಸವಳಂಗದ ಎತ್ತೊಂದನ್ನು ಕೊಡಿಸಿದ್ದ. ಎರಡನೇ ವಾರ ಅದು ಸಾಲಿನ ನಡುವೆ ಕಾಲು ಮಡಿಸಿ ಮಲಗಿತು, ಹೊಡೆದರೂ ಏಳಲಿಲ್ಲ. ಆಕೆ ಬಂದು ಅಂಗಳದಲ್ಲಿ ನಿಂತಳು. ಅಜ್ಜ ಬುತ್ತಿ ಕಟ್ಟಿಸಿಕೊಂಡು ಎತ್ತಿನ ಹಗ್ಗ ಹಿಡಿದು ಹೊರಟ. ಸವಳಂಗಕ್ಕೆ ಮುಟ್ಟಲು ಐದು ದಿನ ಹಿಡಿಯಿತು. ಮಾರಿದವರ ಹೆಸರು ಮರುಳಪ್ಪ. ಅವರು ಬಾಗಿಲಲ್ಲಿಯೇ ನಿಂತು, ನಮ್ಮ ಮನೆಯಲ್ಲಿ ಇದು ಎಂದೂ ಮಲಗಿದ್ದಿಲ್ಲ, ನಿಮ್ಮ ಹೊಲ ನೋಡಿ ಬೇಜಾರಾಗಿ ಮಲಗಿರಬೇಕು ಎಂದರಂತೆ. ಅಜ್ಜ ಎತ್ತನ್ನು ಅವರ ಕಂಬಕ್ಕೆ ಕಟ್ಟಿ ಜಗಲಿಯ ಮೇಲೆ ಕೂತ. ಮರುದಿನ ಮಧ್ಯಾಹ್ನದವರೆಗೂ ಕೂತ. ಕೊನೆಗೆ ಮರುಳಪ್ಪನವರ ಹೆಂಡತಿಯೇ ಗಂಡನಿಗೆ ಗದರಿದಳಂತೆ. ಆಮೇಲೆ ಅವರು ಎತ್ತು ಹಿಂದಕ್ಕೆ ತೆಗೆದುಕೊಂಡು ಅಜ್ಜನಿಗೆ ಊಟ ಹಾಕಿ ಕಳಿಸಿದರು. ಅಜ್ಜ ಊರಿಗೆ ಬಂದಾಗ ಕಾಲು ಊದಿಕೊಂಡು ಹದಿನೈದು ದಿನ ನಡೆಯಲಾಗಲಿಲ್ಲ. ಆದರೆ ಅಂದಿನಿಂದ ಉಚ್ಚಂಗೆಪ್ಪ ಹೊಣೆ ನಿಂತ ಎತ್ತಿಗೆ ಹಲ್ಲು ಹಿಡಿದು ನೋಡುವವರು ಕಡಿಮೆಯಾದರು.

ಇನ್ನು ಬರೆಯುವುದು ೧೯೮೩ರ ಚುನಾವಣೆಯ ಮಾತು. ನಮ್ಮ ಹಳ್ಳಿಗೆ ಓಟು ಕೇಳಲು ಬಂದವರನ್ನು ನಾನು ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಅವರ ಹೆಸರನ್ನಾಗಲಿ ಪಕ್ಷದ ಹೆಸರನ್ನಾಗಲಿ ಬರೆಯಬೇಡವೆಂದು ಅವ್ವ ಹೇಳಿದ್ದಾಳೆ. ಹಿಂದಿನ ಸಲ ನಮ್ಮಲ್ಲಿ ಗೆದ್ದವರು ಒಂದು ಗುರುತಿನಲ್ಲಿ ಗೆದ್ದು ಎರಡು ವರ್ಷಕ್ಕೆ ಎದುರು ಪಕ್ಷಕ್ಕೆ ಹೋಗಿದ್ದರು. ಅವರಿಗೆ ಓಟು ಹಾಕಿದವರು ಬೇರೆ ಹಳ್ಳಿಯವರ ಮುಂದೆ ತಲೆ ತಗ್ಗಿಸಬೇಕಾಗಿತ್ತು. ಅದಕ್ಕೇ ಆ ದಿನ ಕಟ್ಟೆಯ ಮೇಲೆ ಸಾಹೇಬರು ಕೆರೆ, ರಸ್ತೆ, ಕರೆಂಟು ಎಂದು ಎಷ್ಟು ಹೇಳಿದರೂ ಯಾರೂ ತಲೆ ಆಡಿಸಲಿಲ್ಲ. ಊರಿನ ಹಿರಿಯ ತಿಪ್ಪೇಶಪ್ಪನವರು ಒಂದೇ ಮಾತು ಕೇಳಿದರು.

"ಕೆರೆ ಇರ್ಲಿ ಸಾಹೇಬ್ರೆ. ಗೆದ್ದ ಮ್ಯಾಲೆ ನೀವು ಆ ಕಡಿಗೆ ಹೋಗಲ್ಲ ಅನ್ನಾಕೆ ಹೊಣೆ ಯಾರು?"

"ನನ್ನ ಮಾತಿಗೆ ನಾನೇ ಹೊಣೆ ಅಲ್ಲೇನ್ರೀ?"

"ಎತ್ತಿಗೆ ಎತ್ತೇ ಹೊಣೆ ಆದ್ರೆ ದಲ್ಲಾಳಿ ಯಾಕ್ರೀ ಬೇಕು?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಗುವಿನಲ್ಲಿಯೇ ಯಾರೋ ಉಚ್ಚಂಗೆಪ್ಪನನ್ನು ಕರೆಯಿರಿ ಎಂದರು. ಅಜ್ಜ ಹಿಂದೆ ಕೂತಿದ್ದವನು ಎದ್ದು ಬಂದು ಸಾಹೇಬರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ನಿಮ್ಮ ತಂದೆಯವರ ಹೆಸರೇನು ಎಂದು ಕೇಳಿದ. ಅವರು ಹೇಳಿದರು. ಅಜ್ಜನ ಮುಖ ಸಡಿಲವಾಯಿತು. ಆ ತಂದೆಯ ಕೊಟ್ಟಿಗೆಯಿಂದ ಅಜ್ಜ ಬೇರೆ ಬೇರೆ ವರ್ಷ ಮೂರು ಜೊತೆ ಎತ್ತು ಕೊಡಿಸಿದ್ದ. ಒಂದಕ್ಕೂ ಚಾಳಿ ಇರಲಿಲ್ಲ. ಒಂದೂ ಹಗ್ಗ ಹರಿದುಕೊಂಡು ಓಡಿರಲಿಲ್ಲ. ಅಂಥ ಕೊಟ್ಟಿಗೆಯಲ್ಲಿ ಬೆಳೆದವನು ಹೇಗೆ ಕೆಡುತ್ತಾನೆ ಎಂದು ಅಜ್ಜ ಲೆಕ್ಕ ಹಾಕಿದ. ದನ ನೋಡಿ ಯಜಮಾನನನ್ನು ಅಳೆಯುವುದು, ಯಜಮಾನನ ಮೇಲೆ ಮಗನನ್ನು ಅಳೆಯುವುದು ಅವನಿಗೆ ಮೂವತ್ತು ವರ್ಷದ ರೂಢಿ. ಅವನು ಜೀವನದಲ್ಲಿ ಮಾಡಿದ ದೊಡ್ಡ ತಪ್ಪು ಅದೇ.

ಹೆಗಲ ಮೇಲಿನ ವಲ್ಲಿ ತೆಗೆದು ಕೈ ಮೇಲೆ ಹರಡಿದ. ಸಾಹೇಬರು ಏನು ಮಾಡಬೇಕೆಂದು ತಿಳಿಯದೆ ತಿಪ್ಪೇಶಪ್ಪನವರ ಮುಖ ನೋಡಿದರು. ಕೈ ಒಳಗೆ ಇಡಿ, ಎಷ್ಟು ವರ್ಷ ಇರುತ್ತೀರೋ ಅಷ್ಟು ಬೆರಳು ಕೊಡಿ ಎಂದು ತಿಪ್ಪೇಶಪ್ಪನವರು ಹೇಳಿಕೊಟ್ಟರು. ಸಾಹೇಬರು ಬಿಳಿ ಅಂಗಿಯ ತೋಳು ಮೇಲೇರಿಸಿ ವಲ್ಲಿಯ ಒಳಗೆ ಕೈ ಇಟ್ಟರು. ನಾನಾಗ ಹನ್ನೆರಡು ವರ್ಷದವಳು, ಕಟ್ಟೆಯ ಪಕ್ಕದಲ್ಲಿ ಅವ್ವನ ಜೊತೆ ನಿಂತಿದ್ದೆ. ಅಜ್ಜ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದ. ಆಮೇಲೆ ಊರಿನವರ ಕಡೆ ತಿರುಗಿ, ಐದು ಬೆರಳೂ ಕೊಟ್ಟಿದ್ದಾರೆ, ನಾನು ಹೊಣೆ ಎಂದ. ನಮ್ಮ ಹಳ್ಳಿ ಪೂರ್ತಿ ಅವರಿಗೆ ಓಟು ಹಾಕಿತು. ಅವರು ಗೆದ್ದರು.

ಒಂದು ವರ್ಷ ಮೂರು ತಿಂಗಳಾದ ಮೇಲೆ ಸಾಹೇಬರು ಪಕ್ಷ ಬಿಟ್ಟು ಎದುರಿನವರ ಜೊತೆ ಸೇರಿದರು. ನಮಗೆ ಸುದ್ದಿ ತಿಳಿದದ್ದು ಬಸ್ಸಿನ ಕಂಡಕ್ಟರಿನಿಂದ. ಸಾಹೇಬರ ಜೊತೆ ಇನ್ನೂ ಕೆಲವರು ಹೋಗಿದ್ದಾರೆ, ಎಲ್ಲರನ್ನೂ ಯಾವುದೋ ದೊಡ್ಡ ಹೋಟೆಲಿನಲ್ಲಿ ಇಟ್ಟಿದ್ದಾರೆ ಎಂದು ಆತ ಹೇಳಿದ. ಪೇಪರಿನಲ್ಲಿ ಅದನ್ನು ಕುದುರೆ ವ್ಯಾಪಾರ ಎಂದು ಬರೆದಿದ್ದರಂತೆ. ಊರಿನ ಹುಡುಗರು ಅಜ್ಜನನ್ನು ಕಂಡರೆ, ಉಚ್ಚಂಗಜ್ಜ ಎತ್ತು ಬಿಟ್ಟು ಕುದುರೆ ಹಿಡಿದಾನೆ ಎಂದು ನಗುತ್ತಿದ್ದರು. ಅಜ್ಜ ಅದಕ್ಕೆ ಕೋಪ ಮಾಡಿಕೊಳ್ಳಲಿಲ್ಲ. ಅವನಿಗೆ ಚಿಂತೆ ಹತ್ತಿದ್ದು ಸಂತೆಯದು.

ಮುಂದಿನ ಸಂತೆಯಲ್ಲಿ ಅವನು ಹೋಗಿ ದಲ್ಲಾಳಿಗಳು ಸೇರುವ ಹುಣಸೆಮರದ ಕೆಳಗೆ ನಿಂತಾಗ ಯಾರೂ ಅವನನ್ನು ಬೈಯಲಿಲ್ಲ. ಎಲ್ಲ ದಲ್ಲಾಳಿಗಳಿಗೂ ಹಿರಿಯರಾದ ಓಬಳಪ್ಪನವರು ಎಲೆ ಅಡಿಕೆ ಕೊಟ್ಟು ಕೂರಿಸಿದರು. ಆಮೇಲೆ, ನೀನು ಹೊಣೆ ನಿಂತದ್ದು ಹಗ್ಗ ಹರಿದುಕೊಂಡಿದೆ, ಅದನ್ನು ಹಿಂದಕ್ಕೆ ತರುವವರೆಗೆ ವಲ್ಲಿ ಹರಡಬೇಡ ಎಂದರು. ಅದು ಎತ್ತಲ್ಲ, ಮನುಷ್ಯ ಎಂದು ಒಬ್ಬರು ಅಜ್ಜನ ಪರವಾಗಿ ಹೇಳಿದರು. ಓಬಳಪ್ಪನವರು, ವಲ್ಲಿ ಅದೇ ಅಲ್ಲವೇ ಎಂದರು. ಅಜ್ಜ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದ. ತಾನು ಅವರ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಆ ಸಂಜೆ ಅವ್ವನಿಗೆ ಹೇಳಿದ.

ಅಂದಿನಿಂದ ಅವನಿಗೆ ಒಂದೇ ಗುರಿ. ಸಾಹೇಬರು ಒಮ್ಮೆ ನಮ್ಮ ಕಟ್ಟೆಗೆ ಬಂದು ಎಲ್ಲರ ಎದುರಿಗೆ, ಮಾತು ಮುರಿದದ್ದು ನಾನು, ಉಚ್ಚಂಗೆಪ್ಪನ ಹೊಣೆ ಇಲ್ಲಿಗೆ ತೀರಿತು ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟಾದರೆ ಅವನು ಮತ್ತೆ ಸಂತೆಯಲ್ಲಿ ನಿಲ್ಲಬಹುದು. ಅದಕ್ಕಾಗಿ ಜಗಳೂರಿನ ಪ್ರವಾಸಿ ಮಂದಿರದ ಬಾಗಿಲಲ್ಲಿ ಎರಡು ದಿನ ಕಾದ. ಚನ್ನಗಿರಿಗೆ ಹೋಗಿದ್ದಾರೆ ಎಂದರು. ಚನ್ನಗಿರಿಗೆ ಹೋದ. ಬೀಗರ ಮದುವೆಗೆಂದು ಉಬ್ರಾಣಿಗೆ ಹೋದರು ಎಂದರು. ಉಬ್ರಾಣಿಗೆ ಹೋದಾಗ ಚಪ್ಪರ ಬಿಚ್ಚುತ್ತಿದ್ದರು. ಕೊನೆಗೆ ಹೊನ್ನಾಳಿ ದಾಟಿ ಸಾಸ್ವೆಹಳ್ಳಿಯಲ್ಲಿ, ಪಂಚಾಕ್ಷರಪ್ಪ ಎಂಬ ಸಾಹುಕಾರರ ಮನೆಯಲ್ಲಿ ಅವರು ಸಿಕ್ಕರು. ಆ ಸಲ ನಾನೂ ಜೊತೆಯಲ್ಲಿದ್ದೆ. ಅಜ್ಜನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ, ಹಾಗಾಗಿ ನನ್ನನ್ನು ಕರೆದೊಯ್ದಿದ್ದ.

ಸಾಹೇಬರು ನಮ್ಮನ್ನು ಕಂಡು ಎದ್ದು ನಿಂತರು. ಅಜ್ಜನಿಗೆ ಕುರ್ಚಿ ಹಾಕಿಸಿದರು, ನನಗೆ ಕಾಫಿ ಬದಲು ಹಾಲು ಕೊಡಿ ಎಂದರು. ಅವರು ಕೆಟ್ಟ ಮನುಷ್ಯರ ಹಾಗೆ ಕಾಣಲಿಲ್ಲ. ಅಜ್ಜ ತನ್ನ ಮಾತನ್ನು ಹೇಳಿದ. ಅವರು ಕೇಳಿಸಿಕೊಂಡು, ಎಲ್ಲವನ್ನೂ ಊರಿನ ಸಲುವಾಗಿಯೇ ಮಾಡಿದ್ದು, ಆ ಪಕ್ಷದಲ್ಲಿದ್ದಿದ್ದರೆ ನಿಮ್ಮ ಊರಿಗೆ ಒಂದು ಕಲ್ಲೂ ಬರುತ್ತಿರಲಿಲ್ಲ ಎಂದು ಬಹಳ ಹೊತ್ತು ವಿವರಿಸಿದರು. ಅಜ್ಜ ಮತ್ತೆ ಅದೇ ಮಾತು ಹೇಳಿದ.

"ಅಜ್ಜಾ, ನಾನೇನು ನೀನು ಕೊಡಿಸಿದ ಎತ್ತಾ?" ಎಂದು ಸಾಹೇಬರು ನಗುತ್ತ ಕೇಳಿದರು.

"ಎತ್ತಾಗಿದ್ರೆ ಇಷ್ಟೊತ್ತಿಗೆ ಹಗ್ಗ ಹಿಡ್ಕಂಡು ಹೋಗಿರ್ತಿದ್ದೆ ಸಾಹೇಬ್ರೆ. ಮನುಷ್ಯರು ಅಂತ ಕೈ ಮುಗಿದು ಕೇಳಾಕೆ ಹತ್ತೀನಿ."

ಸಾಹೇಬರು ಬರುತ್ತೇನೆ ಎಂದರು. ಯಾವಾಗ ಎಂದು ಹೇಳಲಿಲ್ಲ. ಅವರು ಬರಲಿಲ್ಲ.

ಆ ಜೂನ್ ತಿಂಗಳಲ್ಲಿ ನಾನು ಒಂಬತ್ತನೇ ತರಗತಿಗೆ ಹೋಗಬೇಕಿತ್ತು. ಹೈಸ್ಕೂಲು ಜಗಳೂರಿನಲ್ಲಿ, ದಿನವೂ ಬಸ್ಸಿನ ದುಡ್ಡು ಬೇಕು. ಸಂತೆಯ ಕೆಲಸ ನಿಂತ ಮೇಲೆ ಅಜ್ಜ ಕಂಡವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ, ಅವ್ವನೂ ಹೋಗುತ್ತಿದ್ದಳು. ನನ್ನನ್ನು ಬಿಡಿಸೋಣವೆಂದು ಯಾರೂ ಹೇಳಲಿಲ್ಲ. ನಾನೇ ಹೋಗುವುದಿಲ್ಲ ಎಂದೆ. ಅಜ್ಜ ಆ ದಿನ ಊಟ ಮಾಡಲಿಲ್ಲ.

೧೯೮೫ರ ಫೆಬ್ರವರಿಯ ಮೊದಲ ವಾರ. ಮಾರ್ಚಿನಲ್ಲಿ ಮತ್ತೆ ಚುನಾವಣೆ ಎಂದು ಆಗಲೇ ಗೊತ್ತಾಗಿತ್ತು. ಅಜ್ಜನೂ ನಾನೂ ಹಗ್ಗ, ಮೂಗುದಾರ ಮಾರಲು ಜಗಳೂರಿಗೆ ಹೋಗಿದ್ದೆವು. ವಲ್ಲಿ ಹರಡುವಂತಿಲ್ಲದಿದ್ದರೂ ಹಗ್ಗ ಹೊಸೆದು ಮಾರುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬಸ್ಸಿನಲ್ಲಿ ಯಾರೋ, ದೆಹಲಿಯಲ್ಲಿ ಹೊಸ ಕಾನೂನಾಗಿದೆ, ಪಕ್ಷ ಬಿಟ್ಟವರ ಸ್ಥಾನ ಹೋಗುತ್ತದೆ ಎಂದು ಮಾತಾಡುತ್ತಿದ್ದರು. ಅಜ್ಜ ಇಳಿದವನೇ ನನ್ನನ್ನು ಕರೆದುಕೊಂಡು ಬಸ್ ನಿಲ್ದಾಣದ ಎದುರಿನ ಚಾದ ಅಂಗಡಿಗೆ ಹೋದ. ಅಲ್ಲಿ ಪೇಪರು ತರಿಸುತ್ತಿದ್ದರು. ಅಜ್ಜ ಪೇಪರು ಕೇಳಿ ಪಡೆದು ನನ್ನ ಕೈಗೆ ಕೊಟ್ಟು ಓದು ಎಂದ.

ಬೆಂಚುಗಳ ಮೇಲೆ ಹತ್ತು ಹನ್ನೆರಡು ಗಂಡಸರಿದ್ದರು. ಎಲ್ಲರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು. ದಪ್ಪ ಅಕ್ಷರಗಳನ್ನು ಓದಿದೆ. ಅದರ ಕೆಳಗಿನ ಮೊದಲ ಸಾಲುಗಳನ್ನೂ ಓದಿದೆ: ಒಂದು ಪಕ್ಷದಿಂದ ಗೆದ್ದು ಆ ಪಕ್ಷವನ್ನು ಬಿಟ್ಟವರು ತಮ್ಮ ಸ್ಥಾನ ಕಳೆದುಕೊಳ್ಳುತ್ತಾರೆ ಎಂದಿತ್ತು. ಅಜ್ಜ ಇನ್ನೊಮ್ಮೆ ಓದಿಸಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಗೇಣಿನಷ್ಟು ಇತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, ಪೇಪರು ಈ ಕಡೆ ಬರಲಿ ತಾಯಿ, ನಿನ್ನ ಪರೀಕ್ಷೆ ಆಮೇಲೆ ಎಂದರು. ಕೆಲವರು ನಕ್ಕರು.

"ಕೆಳಗೆ ಏನೈತೆ ಅವ್ವಾ?" ಎಂದು ಅಜ್ಜ ಕೇಳಿದ.

"ಅದೇ ಐತೆ ಅಜ್ಜಾ," ಎಂದು ಹೇಳಿ ನಾನು ಪೇಪರನ್ನು ಹಿಂದಕ್ಕೆ ಕೊಟ್ಟುಬಿಟ್ಟೆ.

ನಾನು ಕೆಳಗಿನದನ್ನು ಓದಿರಲಿಲ್ಲ. ಅಲ್ಲಿಂದ ಎದ್ದು ಹೋದರೆ ಸಾಕೆನಿಸಿತ್ತು.

ಅಜ್ಜ ನೇರವಾಗಿ ಹುಣಸೆಮರದ ಕೆಳಗೆ ಹೋದ. ಅವನು ಅಷ್ಟು ಜೋರಾಗಿ ನಡೆದದ್ದನ್ನು ನಾನು ಒಂದು ವರ್ಷದಿಂದ ಕಂಡಿರಲಿಲ್ಲ. ಓಬಳಪ್ಪನವರಿಗೂ ಉಳಿದ ದಲ್ಲಾಳಿಗಳಿಗೂ ಕಾನೂನಿನ ವಿಷಯ ಹೇಳಿದ. ಇನ್ನು ಸಾಹೇಬರು ಚುನಾವಣೆಗೆ ನಿಲ್ಲುವಂತಿಲ್ಲ, ಕಿವಿ ಹಿಡಿದು ಹೊರಗೆ ಹಾಕುತ್ತಾರೆ, ನಾನು ತರಲಾಗದ್ದನ್ನು ಸರ್ಕಾರವೇ ಹಗ್ಗ ಹಾಕಿ ಎಳೆದು ತರುತ್ತದೆ ಎಂದ. ಚುನಾವಣೆಗೆ ನಿಲ್ಲುವಂತಿಲ್ಲ ಎಂಬುದನ್ನು ಅವನೇ ಸೇರಿಸಿಕೊಂಡದ್ದು. ಸ್ಥಾನ ಹೋದವನು ಮತ್ತೆ ಹೇಗೆ ನಿಂತಾನು ಎಂದು ಅವನಿಗನಿಸಿತ್ತು. ಓಬಳಪ್ಪನವರು, ಇದನ್ನು ಯಾರು ಹೇಳಿದರು ಎಂದು ಕೇಳಿದರು.

"ನನ್ನ ಮೊಮ್ಮಗಳು ಓದ್ಯಾಳೆ. ಪೂರ್ತಿ ಓದ್ಯಾಳೆ. ಇದಕ್ಕೆ ನಾನು ಹೊಣೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜ ಹೊಣೆ ಎಂದ ಮೇಲೆ ಆ ಮಾತಿಗೆ ಬೆಲೆ ಇತ್ತು. ಸರ್ಕಾರವೇ ಹಿಂದಕ್ಕೆ ತರುವುದಾದರೆ ನಿನ್ನ ಹೊಣೆ ತೀರಿದಂತೆಯೇ, ಹರಡು ನಿನ್ನ ವಲ್ಲಿ ಎಂದು ಓಬಳಪ್ಪನವರು ಒಪ್ಪಿಗೆ ಕೊಟ್ಟರು.

ಅಜ್ಜ ಎರಡು ಸಂತೆ ವಲ್ಲಿ ಹರಡಿದ. ಮೂರು ಜೊತೆ ಎತ್ತು ಕೈ ಬದಲಾಯಿತು. ಮನೆಗೆ ಬರುವಾಗ ದಾರಿಯಲ್ಲಿ ಗಂಟಲು ತೆರೆದು ಹಾಡುತ್ತಿದ್ದ. ಜೂನಿನಲ್ಲಿ ನಿನ್ನ ಹೆಸರು ಮತ್ತೆ ಹೈಸ್ಕೂಲಿಗೆ ಹಚ್ಚಿಸುತ್ತೇನೆ, ಆ ಕಾನೂನು ಓದಿದ ಬಾಯಿ ಮನೆಯಲ್ಲಿ ಕೂರಬಾರದು ಎಂದು ನನಗೆ ಹೇಳಿದ. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದು ಅವನು ತಿಳಿದ.

ಆ ದಿನಗಳಲ್ಲಿಯೇ ನಮ್ಮ ಊರಿನ ಶಾಲೆಯ ಶಿವಮೂರ್ತಪ್ಪ ಮೇಷ್ಟ್ರು ಮನೆಗೆ ಬಂದರು. ಅಜ್ಜ ಹೇಳುತ್ತಿರುವುದು ಅವರ ಕಿವಿಗೆ ಬಿದ್ದಿತ್ತು. ಕಾನೂನು ಹಾಗಿಲ್ಲ ಎಂದು ಮೆತ್ತಗೆ ಹೇಳಿದರು. ಅದು ಇನ್ನು ಮುಂದೆ ಪಕ್ಷ ಬಿಡುವವರಿಗೆ, ಹಿಂದೆ ಬಿಟ್ಟವರಿಗೆ ತಾಗುವುದಿಲ್ಲ ಎಂದರು. ಸ್ಥಾನ ಹೋದವರೂ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದರು. ಒಂದು ಪಕ್ಷದ ಶಾಸಕರಲ್ಲಿ ಮೂರರಲ್ಲೊಂದು ಪಾಲು ಒಟ್ಟಿಗೆ ಒಡೆದು ಹೊರಬಂದರೆ ಅವರಿಗೆ ಸ್ಥಾನವೂ ಹೋಗುವುದಿಲ್ಲ ಎಂದರು. ಅಜ್ಜ ಕೊನೆಯ ಮಾತಿಗೆ ತಲೆಯೆತ್ತಿದ.

"ಒಂದು ಎತ್ತು ಹಗ್ಗ ಹರಕಂಡ್ರೆ ತಪ್ಪು, ಮಂದೆ ಹರಕಂಡ್ರೆ ಸರಿ ಅಂತ ಬರೆದಾರೇನ್ರೀ ಮೇಷ್ಟ್ರೆ?"

ಮೇಷ್ಟ್ರು, ಹಾಗೆಯೇ ಬರೆದಿದ್ದಾರೆ ಎಂದರು. ಅಜ್ಜ ನಂಬಲಿಲ್ಲ. ಬುದ್ಧಿ ಇರುವವರು ಅಂಥ ಕಾನೂನು ಮಾಡುವುದಿಲ್ಲ, ನಮ್ಮ ಹುಡುಗಿ ಕೆಳಗಿನವರೆಗೂ ಓದಿದ್ದಾಳೆ, ನೀವು ಬೇರೆ ಯಾವುದೋ ಪೇಪರು ನೋಡಿರಬೇಕು ಎಂದ. ಮೇಷ್ಟ್ರು ನನ್ನ ಕಡೆ ನೋಡಿದರು. ಅವರು ನನಗೆ ನಾಲ್ಕನೇ ತರಗತಿಗೆ ಪಾಠ ಹೇಳಿದವರು. ಆಗಲೇ ನಾನು ನಿಜ ಹೇಳಬಹುದಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಸಾಹೇಬರು ಹೊಸ ಪಕ್ಷದ ಗುರುತಿನಲ್ಲಿ ಚುನಾವಣೆಗೆ ನಿಂತರು. ಅವರ ಅರ್ಜಿಗೆ ಯಾರೂ ಅಡ್ಡಿ ಮಾಡಲಿಲ್ಲ. ಆ ಸುದ್ದಿ ತಿಳಿದ ಮೇಲೆ ಅಜ್ಜ, ಫಲಿತಾಂಶ ಬರಲಿ ನೋಡೋಣ ಎಂದು ಸಂತೆಗೆ ಹೋಗುವುದನ್ನು ನಿಲ್ಲಿಸಿದ. ಫೆಬ್ರವರಿ ಕೊನೆಯಲ್ಲಿ ಜೀಪು ನಮ್ಮ ಊರಿಗೆ ಬಂತು. ಅಜ್ಜ ಕಟ್ಟೆಯ ಹತ್ತಿರ ಇದ್ದ. ತಾನು ಒಂದು ವರ್ಷದಿಂದ ಕಾದ ಮಾತನ್ನು ಅವರು ಈಗ ಹೇಳಬಹುದೆಂದು ಎದ್ದು ನಿಂತ. ಸಾಹೇಬರು ಇಳಿದು ಬಂದು ತಮ್ಮ ಕೊರಳಿನ ಹಾರ ತೆಗೆದು ಅಜ್ಜನ ಕೊರಳಿಗೆ ಹಾಕಿದರು. ಹೆಗಲ ಮೇಲೆ ಕೈ ಹಾಕಿ ಊರಿನವರ ಕಡೆ ತಿರುಗಿದರು.

"ಇವ್ರು ನನ್ನ ಹೊಣೆಗಾರ್ರು. ಅವತ್ತೂ ನನ್ನ ಕೈ ಬಿಟ್ಟಿಲ್ಲ, ಇವತ್ತೂ ಬಿಡಲ್ಲ."

ಜನ ನಕ್ಕರು. ಕೆಲವರು ಚಪ್ಪಾಳೆ ತಟ್ಟಿದರು. ಅಜ್ಜ ಬಾಯಿ ತೆರೆದ, ಆದರೆ ಮೈಕು ಬೇರೆಯವರ ಕೈಯಲ್ಲಿತ್ತು. ಸಾಹೇಬರು ರಸ್ತೆಗೆ ಜಲ್ಲಿ ಬರುತ್ತದೆ, ಬೋರ್‌ವೆಲ್ ಮಂಜೂರಾಗಿದೆ ಎಂದರು. ಬೋರ್‌ವೆಲ್ ಕೊರೆಯುವ ಲಾರಿ ಮರುದಿನವೇ ಬಂದು ಶಾಲೆಯ ಹಿಂದೆ ನಿಂತಿತು. ಎರಡು ವರ್ಷದ ಹಿಂದೆ ಅಜ್ಜನನ್ನು ಹೊಣೆ ಕೇಳಿದ್ದ ಊರು ಸಾಲಾಗಿ ನಿಂತು ಸಾಹೇಬರಿಗೆ ಓಟು ಹಾಕಿತು. ತಿಪ್ಪೇಶಪ್ಪನವರೂ ಹಾಕಿದರು, ನೀರು ಬಂದರೆ ಯಾವ ಪಕ್ಷವಾದರೇನು ಎಂದು ಅವರೇ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನಾನು ಕೇಳಿದ್ದೇನೆ. ಸಾಹೇಬರು ಮೊದಲಿಗಿಂತ ಹೆಚ್ಚು ಓಟಿನಿಂದ ಗೆದ್ದರು. ಅವರ ಮೇಲೆ ಯಾರಿಗೂ ಸಿಟ್ಟು ಉಳಿದಿರಲಿಲ್ಲ.

ಫಲಿತಾಂಶ ಬಂದ ಮೇಲಿನ ಸಂತೆಯ ಬೆಳಿಗ್ಗೆ ಅಜ್ಜ ಬಾನಿಯ ಹತ್ತಿರ ಮುಖ ತೊಳೆಯುತ್ತಿದ್ದ. ನಾನು ಹಿಂದೆ ಹೋಗಿ ನಿಂತು, ಚಾದ ಅಂಗಡಿಯಲ್ಲಿ ನಾನು ಕೆಳಗಿನದನ್ನು ಓದಿರಲಿಲ್ಲ, ಓದಿದೆ ಎಂದು ಸುಳ್ಳು ಹೇಳಿದೆ ಎಂದೆ. ಇಂದು ನಾನೂ ಬಂದು ಓಬಳಪ್ಪನವರ ಎದುರಿಗೆ ಹೇಳುತ್ತೇನೆ ಎಂದೆ. ಅವನು ಬಹಳ ಹೊತ್ತು ಮುಖ ಒರೆಸಿಕೊಂಡ. ನನಗೆ ಅವನು ಹೊಡೆದಿದ್ದರೆ ಚೆನ್ನಾಗಿತ್ತು.

"ನೀನು ಬರಬ್ಯಾಡ," ಎಂದ. "ಸುಳ್ಳು ಹೇಳಾಕಿ ಅಂತ ಸಂತೆಯಾಗೆ ಒಂದ್ಸಲ ಹೆಸರು ಬಿದ್ರೆ, ನಾಳೆ ನಿನ್ನ ಮಾತಿಗೆ ಹೊಣೆ ನಿಲ್ಲಾಕೆ ಯಾರಿದಾರೆ? ನನಗೆ ವಯಸ್ಸಾತು. ಓದ್ಸಿದೋನು ನಾನು, ಹೇಳಿದೋನೂ ನಾನೇ."

ಅವನು ಹೋದ. ಅಲ್ಲಿ ನಡೆದದ್ದನ್ನು ನಮ್ಮ ಊರಿನ ಚಿಕ್ಕಹನುಮಂತಪ್ಪನವರು ಕಣ್ಣಾರೆ ಕಂಡು ಬಂದು ಅವ್ವನಿಗೆ ಹೇಳಿದರು. ಮೊದಲು ಓಬಳಪ್ಪನವರು ಅಜ್ಜನನ್ನು ಕೂರಿಸಿ, ಪೂರ್ತಿ ಓದಿದ್ದು ನಿಜವೇ, ಹುಡುಗಿ ತಪ್ಪು ಓದಿದಳೇ ಎಂದು ಕೇಳಿದರಂತೆ. ಅಜ್ಜನಿಗೆ ಅದು ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಆದರೆ ಅವನು, ಹುಡುಗಿ ಸರಿಯಾಗಿಯೇ ಓದಿದಳು, ನಾನೇ ಬೇರೆ ಮಾಡಿ ಹೇಳಿದೆ ಎಂದನಂತೆ. ಆಗ ಓಬಳಪ್ಪನವರು ಹೇಳಿದ್ದು ಹೀಗೆ:

"ಉಚ್ಚಂಗಣ್ಣಾ, ಹೊಣೆ ತಪ್ಪೋದು ಯಾರಿಗಾದ್ರೂ ಬರ್ತೈತೆ. ಅದಕ್ಕೆ ನಾವು ಕಾಯ್ತಿದ್ವಿ. ಸುಳ್ಳು ಹೇಳಿ ವಲ್ಲಿ ಹರಡಿದ್ದಕ್ಕೆ ಕಾಯಾಕೆ ಬರಲ್ಲ."

ಅಜ್ಜ ವಲ್ಲಿಯನ್ನು ತಾನೇ ತೆಗೆದು ಮಡಿಸಿ ಮರದ ಬುಡದಲ್ಲಿ ಇಟ್ಟು ಬಂದ. ಎರಡು ಸಂತೆಯಲ್ಲಿ ಅವನು ಕೊಡಿಸಿದ್ದ ಮೂರು ಜೊತೆ ಎತ್ತುಗಳನ್ನೂ, ಮೂರು ಸಂತೆಯ ಗಡುವು ದಾಟಿದ್ದರೂ, ಕೊಂಡವರು ಹಿಂದಕ್ಕೆ ಕೊಡಲು ಬಂದರು. ಅವುಗಳಲ್ಲಿ ಯಾವ ಚಾಳಿಯೂ ಇರಲಿಲ್ಲ. ಹೊಣೆ ನಿಂತವನ ಮಾತು ಸುಳ್ಳಾದ ಮೇಲೆ ಎತ್ತು ಇಟ್ಟುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಅಜ್ಜ ಮೂರು ಜೊತೆಯನ್ನೂ ಒಂದೊಂದಾಗಿ ನಡೆಸಿಕೊಂಡು ಹೋಗಿ ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಿಗೆ ಮುಟ್ಟಿಸಿದ. ಅದಕ್ಕೆ ಬೇಸಿಗೆ ಪೂರ್ತಿ ಹಿಡಿಯಿತು. ಕೊನೆಯ ಸಲ ಬಂದಾಗ ಬಲಗಾಲಿನಲ್ಲಿ ಹುಣ್ಣಾಗಿತ್ತು, ಅದು ಮಾಯಲೇ ಇಲ್ಲ.

ಆಮೇಲೆ ನಮ್ಮ ಊರಿನ ರಸ್ತೆಗೆ ಜಲ್ಲಿ ಒಡೆಯುವ ಕೆಲಸ ಬಂತು. ಸಾಹೇಬರು ಮಂಜೂರು ಮಾಡಿಸಿದ ರಸ್ತೆಯೇ. ಅಜ್ಜ ಅಲ್ಲಿ ಕೂಲಿಗೆ ಕೂತ. ಕುಂಟುತ್ತ ಹೋಗಿ ಬಿಸಿಲಲ್ಲಿ ಕಲ್ಲಿನ ರಾಶಿಯ ಪಕ್ಕ ಕೂರುತ್ತಿದ್ದ. ದನ ಹೊಡೆದುಕೊಂಡು ಹೋಗುವವರು ಅಭ್ಯಾಸದಿಂದ ನಿಂತು, ಈ ಎತ್ತು ಹೇಗಿದೆ ಎಂದು ಕೇಳಿದರೆ ತಲೆ ಎತ್ತುತ್ತಿರಲಿಲ್ಲ. ಮಾತು ಕಡಿಮೆಯಾಗುತ್ತ ಬಂದು ಕೊನೆಗೆ ನೀರು, ಸಾಕು ಎಂಬೆರಡೇ ಉಳಿದವು. ೧೯೮೬ರ ಜುಲೈಯಲ್ಲಿ ಜ್ವರ ಬಂದು ನಾಲ್ಕನೇ ದಿನ ತೀರಿಕೊಂಡ. ಮಣ್ಣಿಗೆ ದಲ್ಲಾಳಿಗಳು ಯಾರೂ ಬರಲಿಲ್ಲ. ಸಾಹೇಬರು ಒಂದು ದೊಡ್ಡ ಹಾರ ಕಳಿಸಿದ್ದರು.

ಈಗ ಜಗಳೂರಿನ ಸಂತೆಯಲ್ಲಿ ಯಾರಾದರೂ ಇಲ್ಲದ್ದನ್ನು ಇದೆ ಎಂದು ಹೇಳಿದರೆ, ಉಚ್ಚಂಗೆಪ್ಪನ ಕಾನೂನು ಹೇಳಬೇಡ ಎನ್ನುತ್ತಾರೆ. ಹೋದ ತಿಂಗಳು ಕುಂಬಳಕಾಯಿ ಮಾರಲು ಹೋದಾಗ ನಾನೇ ಕಿವಿಯಾರೆ ಕೇಳಿದೆ. ಹೇಳಿದವನು ಚಿಕ್ಕ ಹುಡುಗ, ಅಜ್ಜನನ್ನು ಕಂಡವನಲ್ಲ. ಕೇಳಿದವರು ನಕ್ಕರು. ಅವ್ವ ನನ್ನ ಕೈ ಹಿಡಿದುಕೊಂಡಳು. ನಾನು ಆ ದಿನವೂ ಏನೂ ಹೇಳದೆ ಬಂದೆ.

ಮನೆಗೆ ಬಂದು ಶಿವಮೂರ್ತಪ್ಪ ಮೇಷ್ಟ್ರ ಹತ್ತಿರ ಹೋದೆ. ಅವರು ಆ ದಿನದ ಪೇಪರನ್ನು ಇಟ್ಟುಕೊಂಡಿದ್ದರು. ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ನೋಡಿ ಬರೆದುಕೊಂಡೆ. ಅವರು ಹೇಳಿದ್ದ ಮೂರು ಮಾತೂ ಅದರಲ್ಲಿದ್ದವು. ಓದಲು ನನಗೆ ಆರೇಳು ನಿಮಿಷ ಹಿಡಿಯಿತು. ಆ ದಿನ ಚಾದ ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತಿದ್ದರೆ ಸಾಕಿತ್ತು.

ಅಜ್ಜ ಬೇಡವೆಂದಿದ್ದ. ಅವ್ವನೂ, ಸತ್ತವನು ಕಾಪಾಡಿದ ಹೆಸರನ್ನು ನೀನೇ ಕಳೆದುಕೊಳ್ಳುತ್ತೀಯಾ, ನಾಳೆ ನಿನ್ನನ್ನು ಕೇಳಿಕೊಂಡು ಯಾರು ಬರುತ್ತಾರೆ ಎಂದು ಅಳುತ್ತಿದ್ದಾಳೆ. ಅವಳ ಮಾತು ಸುಳ್ಳಲ್ಲ. ಹತ್ತು ಜನರೆದುರು ನಿಂತು ಮಾತಾಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ; ಅದಕ್ಕೇ ಎಲ್ಲವನ್ನೂ ಮೊದಲು ಬರೆದುಕೊಂಡೆ. ನಾಡಿದ್ದು ಸಂತೆ. ಬೆಳಗಿನ ಬಸ್ಸಿಗೆ ಜಗಳೂರಿಗೆ ಹೋಗಿ, ಹುಣಸೆಮರದ ಕೆಳಗೆ ಓಬಳಪ್ಪನವರೂ ಉಳಿದ ದಲ್ಲಾಳಿಗಳೂ ಇರುವಾಗ ಇದನ್ನು ಪೂರ್ತಿ ಓದುತ್ತೇನೆ.